ಹೇರೋಹಳ್ಳಿಯ ಊರಾಡಳಿತ: ಪಂಚಾಯಿತಿ ಕಂದಾಯ ಪುಸ್ತಕದಿಂದ ಪಾಲಿಕೆ ವಾರ್ಡಿನವರೆಗೆ

2001ರ ಜನಗಣತಿ ಹೇರೋಹಳ್ಳಿಯನ್ನು ಪಟ್ಟಣವೆಂದು ಲೆಕ್ಕಕ್ಕೆ ಹಿಡಿಯಿತು. ಜನಗಣತಿಯವರು ನೋಡುವುದು ಮೂರು ಸಂಗತಿ. ಜನಸಂಖ್ಯೆ ಕನಿಷ್ಠ 5,000 ಇರಬೇಕು, ಚದರ ಕಿಲೋಮೀಟರಿಗೆ 400 ಜನರಾದರೂ ವಾಸವಿರಬೇಕು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯದ ಹೊರಗಿನ ಕಸುಬಿನಲ್ಲಿರಬೇಕು. ಮೂರಕ್ಕೂ ನಮ್ಮ ಊರು ಒಪ್ಪಿತು. ಆದರೆ ಆ ವರ್ಷವೂ, ಅದಾದ ಮೇಲೆ ಐದಾರು ವರ್ಷವೂ ಊರಿನ ಆಡಳಿತ ನಡೆಸಿದ್ದು ಗ್ರಾಮ ಪಂಚಾಯಿತಿಯೇ. ಪುರಸಭೆ ಬರಲಿಲ್ಲ, ಪಟ್ಟಣ ಪಂಚಾಯಿತಿ ಬರಲಿಲ್ಲ. ನೆರೆಯ ಕೆಂಗೇರಿಗೆ ಪುರಸಭೆಯಿತ್ತು, ದಾಸರಹಳ್ಳಿ ಮತ್ತು ರಾಜರಾಜೇಶ್ವರಿ ನಗರಗಳಿಗೆ ನಗರಸಭೆಯಿತ್ತು. ಹೇರೋಹಳ್ಳಿ ಮಾತ್ರ ಆ ನಡುವಿನ ಮೆಟ್ಟಿಲನ್ನು ತುಳಿಯದೆ 2007ರಲ್ಲಿ ಹಳ್ಳಿಯಿಂದ ನೇರ ಮಹಾನಗರಕ್ಕೆ ಸೇರಿಹೋಯಿತು. ಪಟ್ಟಣವಾಗಿದ್ದ ಊರಿಗೆ ತನ್ನದೇ ಪಟ್ಟಣದ ಸಭೆ ಎಂದೂ ಇರಲಿಲ್ಲ. ಈ ಊರಿನ ಆಡಳಿತದ ಇತಿಹಾಸವನ್ನು ಬರೆಯಹೊರಟರೆ ಮೊದಲು ಹೇಳಬೇಕಾದ ಸಂಗತಿ ಇದು. ಮುಂದಿನ ತೊಡಕುಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟಿವೆ.

ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿ. ಹಳೆಯ ಕ್ರಯಪತ್ರಗಳಲ್ಲಿ ನಮ್ಮ ಊರಿನ ವಿಳಾಸ ಹೀಗೇ ಶುರುವಾಗುತ್ತದೆ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದರೆ ಹೇರೋಹಳ್ಳಿ, ಅದರಾಚೆ ಬ್ಯಾಡರಹಳ್ಳಿ. ಒಂದು ಕೆರೆ, ಅದರ ಕೆಳಗೆ ಗದ್ದೆ, ಮೇಲೆ ರಾಗಿ ಹೊಲ. ಇಂಥ ಹಳ್ಳಿಯ ಆಡಳಿತವೆಂದರೆ ಪಟೇಲರು, ಶಾನುಭೋಗರು, ತಳವಾರ, ತೋಟಿ, ನೀರುಗಂಟಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ನೀರುಗಂಟಿಯ ಕೈಯಲ್ಲಿರುತ್ತಿತ್ತು. ಮೈಸೂರು ಸರ್ಕಾರ 1961ರಲ್ಲಿ ಕಾನೂನು ಮಾಡಿ, 1963ರಲ್ಲಿ ಜಾರಿಗೆ ತಂದು, ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಶಾನುಭೋಗರ ದಫ್ತರ ಗ್ರಾಮ ಲೆಕ್ಕಿಗರ ಕೈಗೆ ಹೋಯಿತು. ಅಷ್ಟರಲ್ಲಿ 1959ರ ಗ್ರಾಮ ಪಂಚಾಯಿತಿ ಕಾಯಿದೆ ಬಂದಾಗಿತ್ತು. ಚುನಾಯಿತ ಪಂಚಾಯಿತಿ ಆಗಿನಿಂದ ರಾಜ್ಯದ ಹಳ್ಳಿಗಳಲ್ಲಿ ಬೇರೂರಿತು. ಅಧಿಕಾರ ಕಡಿಮೆ, ಹಣ ಅದಕ್ಕಿಂತ ಕಡಿಮೆ. ಮನೆಗಂದಾಯದ ಪುಡಿಗಾಸಿನಲ್ಲಿ ಬಾವಿ ಹೂಳು ತೆಗೆಸುವುದು, ಓಣಿಯ ಚರಂಡಿ ಬಳಿಸುವುದು, ಲಾಟೀನು ಕಂಬದ ಜಾಗಕ್ಕೆ ವಿದ್ಯುತ್ ದೀಪ ತರಿಸುವುದು, ಇಂಥವೇ ಅದರ ಕೆಲಸ.

ಮಂಡಲ ಪಂಚಾಯಿತಿಯ ಕಾಲ ಚಿಕ್ಕದು. ಆದರೂ ಅದನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದಾಗ 1983ರ ಕಾಯಿದೆ ರೂಪುಗೊಂಡು, 1985ರಲ್ಲಿ ಜಾರಿಗೆ ಬಂದು, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾದದ್ದು ಆಗಲೇ. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲಿನ ಮಾತು. ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಆ ಮಂತ್ರಿಯನ್ನು ‘ನೀರ್ ಸಾಬ್’ ಎಂದೇ ಕರೆದರು. ಕೈಪಂಪಿನ ಹಿಡಿ ಹಿಡಿದು ಕೊಡ ತುಂಬಿದ ತಲೆಮಾರಿನವರು ಇಂದಿಗೂ ಆ ಹೆಸರನ್ನು ಮರೆತಿಲ್ಲ. ಮಂಡಲಗಳ ಅವಧಿ 1992ರಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಕುಳಿತರು. ಚುನಾಯಿತರಿಲ್ಲದ ಕಾಲ ಎಂಬುದು ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

1993ರ ಮೇ ತಿಂಗಳಲ್ಲಿ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಜಾರಿಯಾಗಿ, ಆ ವರ್ಷದ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆಯಾಯಿತು. 5,000ದಿಂದ 7,000 ಜನರಿಗೊಂದು ಪಂಚಾಯಿತಿ, 400 ಜನರಿಗೊಬ್ಬ ಸದಸ್ಯ, ಮೂರನೇ ಒಂದು ಭಾಗ ಹೆಂಗಸರಿಗೆ, ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಪಾಲು. ಹೊಲದ ಬದು, ದನದ ದೊಡ್ಡಿ, ಸಂತೆಯ ಸುಂಕ ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನು ಅದು. ಆ ಹೊತ್ತಿಗೆ ಹೇರೋಹಳ್ಳಿಯಲ್ಲಿ ನಡೆಯುತ್ತಿದ್ದದ್ದೇ ಬೇರೆ. ಪೀಣ್ಯ ಕೈಗಾರಿಕಾ ಪ್ರದೇಶ, ಕಾಮಾಕ್ಷಿಪಾಳ್ಯದ ಸಣ್ಣ ಸಣ್ಣ ಕಾರ್ಖಾನೆಗಳು, ಆಮೇಲೆ ಗಾರ್ಮೆಂಟ್ಸ್. ಅಲ್ಲಿ ದುಡಿಯುವವರಿಗೆ ಕೈಗೆಟಕುವ ಬಾಡಿಗೆಯ ಮನೆ ಬೇಕಿತ್ತು, ಒಂದಷ್ಟು ಉಳಿಸಿದವರಿಗೆ ಸೈಟು ಬೇಕಿತ್ತು. ಹೆಗ್ಗನಹಳ್ಳಿ, ಸುಂಕದಕಟ್ಟೆ, ಹೇರೋಹಳ್ಳಿ, ಅಂದ್ರಹಳ್ಳಿಗಳಲ್ಲಿ ರಾಗಿ ಹೊಲಗಳು 20x30, 30x40 ಅಳತೆಯ ನಿವೇಶನಗಳಾದವು. ತುಮಕೂರು, ಮಾಗಡಿ, ಕುಣಿಗಲ್, ಮಂಡ್ಯ, ಹಾಸನದ ಕಡೆಯಿಂದ ಬಂದವರು ಮೊದಲು ಒಂದು ಶೀಟಿನ ಮನೆ ಕಟ್ಟಿ, ಹತ್ತು ವರ್ಷದಲ್ಲಿ ಅದರ ಮೇಲೆ ಮಹಡಿ ಎಬ್ಬಿಸಿದರು.

ಈ ಬಡಾವಣೆಗಳಲ್ಲಿ ಹೆಚ್ಚಿನವು ರೆವಿನ್ಯೂ ಬಡಾವಣೆಗಳು. ಬೇಸಾಯದ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಒಪ್ಪಿಗೆ ಪಡೆಯದೆ ಸೈಟು ಮಾಡಿ ಮಾರಿದವು. ಕೊಂಡವರ ಕೈಯಲ್ಲಿ ಸಾಮಾನ್ಯ ಅಧಿಕಾರಪತ್ರ (ಜಿಪಿಎ) ಅಥವಾ ಕ್ರಯಪತ್ರ. ಮನೆ ಎದ್ದ ಮೇಲೆ ಅವರು ಮೊದಲು ಹೋಗುತ್ತಿದ್ದದ್ದು ಪಂಚಾಯಿತಿ ಕಚೇರಿಗೆ. ಬಡಾವಣೆಗೆ ಒಪ್ಪಿಗೆ ಕೊಡುವ ಅಧಿಕಾರ ಪಂಚಾಯಿತಿಗೆ ಇರಲಿಲ್ಲ, ಎದ್ದು ನಿಂತ ಮನೆಗೆ ಕಂದಾಯ ಹಾಕುವ ಅಧಿಕಾರ ಇತ್ತು. ಸಾವಿರಾರು ಕುಟುಂಬಗಳ ಬದುಕು ಈ ಸಂದಿಯಲ್ಲೇ ಬೇರುಬಿಟ್ಟಿತು.

ಆ ಕಂದಾಯ ಪುಸ್ತಕವನ್ನು ಹತ್ತಿರದಿಂದ ನೋಡಬೇಕು. ದಪ್ಪ ರಟ್ಟಿನ, ಉದ್ದುದ್ದ ಹಾಳೆಯ ಡಿಮ್ಯಾಂಡ್ ರಿಜಿಸ್ಟರು. ಎಡಗಡೆ ಮೊದಲ ಅಂಕಣದಲ್ಲಿ ಖಾತಾ ನಂಬರು, ಆಮೇಲೆ ಮಾಲೀಕರ ಹೆಸರು, ಪಕ್ಕದಲ್ಲಿ ಅನುಭವದಾರರ ಹೆಸರು. ನಂತರ ಅಳತೆ: ಪೂರ್ವ-ಪಶ್ಚಿಮ ಇಷ್ಟು ಅಡಿ, ಉತ್ತರ-ದಕ್ಷಿಣ ಇಷ್ಟು ಅಡಿ. ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಖಾಲಿ ನಿವೇಶನ, ದಕ್ಷಿಣಕ್ಕೆ ಓಣಿ. ಮನೆಯ ಬಗೆ ಬರೆಯುವ ಕಡೆ ‘ಹೆಂಚಿನ ಮನೆ’, ‘ಶೀಟಿನ ಮನೆ’, ‘ಆರ್‌ಸಿಸಿ’ ಎಂಬ ಮಾತು. ಬಲಗಡೆ ಬೇಡಿಕೆ, ವಸೂಲಿ, ಬಾಕಿ. ಬಾಕಿಯಲ್ಲಿ ಹಳೇ ಬಾಕಿ ಬೇರೆ, ಚಾಲ್ತಿ ಸಾಲಿನದು ಬೇರೆ. ಮಾರಾಟವಾದರೆ ಹಳೆಯ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಹೊಸ ಹೆಸರು, ಅದಕ್ಕೆ ಆಧಾರವಾದ ಸಭೆಯ ತಾರೀಖು, ಕಾರ್ಯದರ್ಶಿಯ ಚುಟುಕು ಸಹಿ. ಮೇಲುನೋಟಕ್ಕೆ ಬರೀ ಲೆಕ್ಕದ ಪುಸ್ತಕ. ಆದರೆ ಒಂದೊಂದು ಸಾಲೂ ಒಂದೊಂದು ಸಂಸಾರ ಈ ಊರಿಗೆ ಬಂದು ನೆಲೆಯಾದ ದಾಖಲೆ. ಬ್ಯಾಂಕಿನ ಸಾಲಕ್ಕೆ, ಕರೆಂಟಿನ ಸಂಪರ್ಕಕ್ಕೆ, ರೇಷನ್ ಕಾರ್ಡಿಗೆ, ಮಗುವಿನ ಶಾಲೆಗೆ ವಿಳಾಸದ ಪುರಾವೆಯಾಗಿ ನಡೆದದ್ದು ಬಿಲ್ ಕಲೆಕ್ಟರ್ ಹರಿದುಕೊಟ್ಟ ಕಂದಾಯದ ರಸೀದಿಯೇ.

ಪಂಚಾಯಿತಿಯ ಸಭೆ ಆಗಿನ ಕಾಯಿದೆಯ ಪ್ರಕಾರ ಕನಿಷ್ಠ ಎರಡು ತಿಂಗಳಿಗೊಮ್ಮೆ ಸೇರಬೇಕಿತ್ತು. ಸದಸ್ಯರಿಗೆ ಮುಂಚೆಯೇ ನೋಟಿಸ್ ಹೋಗುತ್ತಿತ್ತು, ಜೊತೆಗೆ ವಿಷಯಪಟ್ಟಿ. ಗ್ರಾಮ ಪಂಚಾಯಿತಿಗಳ ವಿಷಯಪಟ್ಟಿ ಓದಿದವರಿಗೆ ಅದರ ಧಾಟಿ ಗೊತ್ತು. ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ಜಮಾ-ಖರ್ಚು ಮಂಡಿಸಿ ಅನುಮೋದನೆ ಪಡೆಯುವುದು. ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಗಳು. ಸಾರ್ವಜನಿಕರಿಂದ ಬಂದ ಅರ್ಜಿಗಳು. ಖಾತಾ ಬದಲಾವಣೆ. ಕೊನೆಗೆ, ‘ಅಧ್ಯಕ್ಷರ ಅಪ್ಪಣೆ ಪಡೆದು ಚರ್ಚಿಸಬಹುದಾದ ಇತರ ವಿಷಯಗಳು’. ಸಭೆ ಬಿಸಿಯೇರುತ್ತಿದ್ದದ್ದು ಈ ಕೊನೆಯ ಬಾಬಿನಲ್ಲೇ. ಮೋಟರು ಸುಟ್ಟಿದೆ, ರಿವೈಂಡಿಂಗಿಗೆ ಹಣವೆಲ್ಲಿ? ಆ ಬೀದಿಗೆ ಚರಂಡಿ ಮಾಡಿದಿರಿ, ಈ ಬೀದಿ ಏನು ಪಾಪ ಮಾಡಿತ್ತು? ಕೋಳಿ ಅಂಗಡಿಯ ಕಸ ಕೆರೆ ಏರಿಗೆ ಬಂದು ಬೀಳುತ್ತಿದೆ. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಮೇಜಿನ ಆಚೆಯೇ ಕುಳಿತಿರುತ್ತಿದ್ದರು. ಸಭೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅದೇ ಬೀದಿಯನ್ನು ಹಾದು ಹೋಗಬೇಕಾಗುತ್ತಿತ್ತು. ಸ್ಥಳೀಯ ಆಡಳಿತ ಎಂಬುದಕ್ಕೆ ಇದಕ್ಕಿಂತ ದೊಡ್ಡ ಬಲ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಪಂಚಾಯಿತಿಗಳಲ್ಲಿ ಪಕ್ಷಪಾತ ಇತ್ತು, ಜಾತಿ ಲೆಕ್ಕ ಇತ್ತು, ಮೀಸಲು ಸ್ಥಾನದ ಹೆಂಗಸರ ಬದಲಿಗೆ ಮನೆಯ ಗಂಡಸರು ಮಾತಾಡುವ ಕೆಟ್ಟ ರೂಢಿಯೂ ರಾಜ್ಯದ ಎಷ್ಟೋ ಕಡೆ ಇತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಕುರ್ಚಿಯಲ್ಲಿ ಕುಳಿತು ಚೆಕ್ಕಿಗೆ ಸಹಿ ಹಾಕುವುದನ್ನು ಊರು ಮೊದಲು ಕಂಡದ್ದು ಇದೇ ವ್ಯವಸ್ಥೆಯಲ್ಲಿ.

ನೀರಿನ ವಿಚಾರ ಪ್ರತ್ಯೇಕವಾಗಿಯೇ ಹೇಳಬೇಕು. ಪಂಚಾಯಿತಿ ನೀರೆಂದರೆ ಕೊಳವೆಬಾವಿಯ ನೀರು. ಬಾವಿಯಿಂದ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಬೀದಿಯ ನಲ್ಲಿಗೆ. ಟ್ಯಾಂಕ್ ಇಲ್ಲದ ಕಡೆ ತೊಂಬೆಗೆ. ಬೀದಿ ಬೀದಿಗೆ ನೀರು ತಿರುಗಿಸುವವರು ಪಂಚಾಯಿತಿಯ ವಾಟರ್‌ಮನ್. ಉದ್ದನೆಯ ಕಬ್ಬಿಣದ ಸಲಾಕೆ ಹೆಗಲ ಮೇಲಿಟ್ಟುಕೊಂಡು ಬೆಳಕು ಹರಿಯುವ ಮುನ್ನವೇ ಬಂದು, ರಸ್ತೆ ಮಧ್ಯದ ಗುಂಡಿಯ ಮುಚ್ಚಳ ಸರಿಸಿ, ಸಲಾಕೆಯನ್ನು ವಾಲ್ವಿಗೆ ಕೂರಿಸಿ ತಿರುಗಿಸುತ್ತಿದ್ದರು. ಒಂದು ಸುತ್ತು ಹೆಚ್ಚು ತಿರುಗಿದರೆ ಇಳಿಜಾರಿನ ಬೀದಿಗೆಲ್ಲ ನೀರು ಹೋಗಿ ದಿಬ್ಬದ ಬೀದಿಗೆ ಬರೀ ಗಾಳಿ ಬರುತ್ತದೆ. ಯಾವ ನಕ್ಷೆಯಲ್ಲೂ ಬರೆದಿರದ ಪೈಪುಗಳ ಜಾಡು ಅವರ ತಲೆಯಲ್ಲಿರುತ್ತಿತ್ತು. ಹಿಂದೆ ಕೆರೆಯ ತೂಬಿನ ಬಳಿ ನೀರುಗಂಟಿ ಮಾಡುತ್ತಿದ್ದ ಕೆಲಸವೇ ಇದು. ಪಂಚಾಯಿತಿ ಸಿಬ್ಬಂದಿಯಲ್ಲಿ ಅತಿ ಕಡಿಮೆ ಸಂಬಳದವರಲ್ಲಿ ಇವರೂ ಸೇರಿದ್ದರು. ಪಂಪಿನ ಕರೆಂಟ್ ಬಿಲ್ಲೂ, ಬೀದಿ ದೀಪದ ಬಿಲ್ಲೂ ವರ್ಷದಿಂದ ವರ್ಷಕ್ಕೆ ಏರಿ, 2002ರಲ್ಲಿ ಬೆಸ್ಕಾಂ ಹುಟ್ಟುವ ಹೊತ್ತಿಗೆ ರಾಜ್ಯದ ಪಂಚಾಯಿತಿಗಳಿಗೆ ಈ ಬಾಕಿಯೇ ದೊಡ್ಡ ತಲೆನೋವಾಗಿತ್ತು. ಒಳಚರಂಡಿ ಇರಲಿಲ್ಲ. ಮನೆಗೊಂದು ಗುಂಡಿ, ಬಚ್ಚಲ ನೀರು ತೆರೆದ ಚರಂಡಿಗೆ, ಚರಂಡಿ ಇಳಿಜಾರು ಹಿಡಿದು ಕೆರೆಗೆ. ಕೊರೆದಷ್ಟೂ ಅಂತರ್ಜಲ ಕೆಳಗಿಳಿಯಿತು. ಹಳ್ಳಿಯ ಅಳತೆಯ ಬೊಕ್ಕಸದಿಂದ ಪಟ್ಟಣದ ಅಳತೆಯ ನೀರು ಒದಗಿಸುವುದು ಯಾವ ಅಧ್ಯಕ್ಷರಿಂದಲೂ ಆಗುವ ಕೆಲಸವಾಗಿರಲಿಲ್ಲ.

ಹಾಗಾದರೆ ಪಟ್ಟಣ ಪಂಚಾಯಿತಿ ಏಕೆ ಆಗಲಿಲ್ಲ? 74ನೇ ತಿದ್ದುಪಡಿಯ ಬಳಿಕ ಹಳ್ಳಿಯಿಂದ ಪಟ್ಟಣವಾಗುತ್ತಿರುವ ಪ್ರದೇಶಗಳಿಗೆಂದೇ ಆ ಬಗೆಯ ಸಂಸ್ಥೆಯನ್ನು ಕಾನೂನು ಕಟ್ಟಿಕೊಟ್ಟಿತ್ತು. ಆದರೆ ಬೆಂಗಳೂರಿನ ಸುತ್ತಲಿನ ಎಷ್ಟೋ ಊರುಗಳು ಅತ್ತ ನಗರಸಭೆಗೂ ಸೇರದೆ, ಇತ್ತ ಸ್ವಂತ ಪಟ್ಟಣ ಸಭೆಯನ್ನೂ ಪಡೆಯದೆ ಹಾಗೆಯೇ ಉಳಿದವು. ಎಂಜಿನಿಯರ್, ಆರೋಗ್ಯ ನಿರೀಕ್ಷಕ, ನಗರ ಯೋಜನೆ ಬಲ್ಲವರು ಒಂದು ಸಣ್ಣ ಪುರಸಭೆಯಲ್ಲೂ ಇರುತ್ತಾರೆ. ಮನೆಗಳು ಏಳುತ್ತಿದ್ದ ಆ 15 ವರ್ಷಗಳಲ್ಲಿ ಅಂಥ ನಾಲ್ಕು ಜನ ಇಲ್ಲಿದ್ದಿದ್ದರೆ ಇಂದು ಆಂಬುಲೆನ್ಸ್ ನುಗ್ಗಲಾಗದ ಅಡ್ಡರಸ್ತೆಗಳಲ್ಲಿ ಕೆಲವಾದರೂ ಅಗಲವಾಗಿರುತ್ತಿದ್ದವು. ಇದನ್ನು ಬರೆಯುವಾಗ ನೋವಾಗುತ್ತದೆ.

2007ರ ಜನವರಿಯಲ್ಲಿ ಸರ್ಕಾರದ ಅಧಿಸೂಚನೆ ಹೊರಬಿತ್ತು. 100 ವಾರ್ಡುಗಳ ಬೆಂಗಳೂರು ಮಹಾನಗರ ಪಾಲಿಕೆ, ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಕೂಡಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಸುಮಾರು 226 ಚದರ ಕಿಲೋಮೀಟರ್ ಇದ್ದ ನಗರ 700 ಚದರ ಕಿಲೋಮೀಟರ್ ದಾಟಿತು. ಪಂಚಾಯಿತಿಗಳಿಗೆ ಚುನಾವಣೆಯಾಗಿದ್ದದ್ದು 2005ರಲ್ಲಿ. ಐದು ವರ್ಷಕ್ಕೆಂದು ಗೆದ್ದವರ ಅವಧಿ ಅರ್ಧವೂ ಕಳೆಯದೆ ಮುಗಿದುಹೋಯಿತು. ಪಾಲಿಕೆಯ ಹಳೆಯ ಕೌನ್ಸಿಲಿನ ಅವಧಿ 2006ರ ನವೆಂಬರಿನಲ್ಲೇ ಮುಗಿದಿತ್ತು. ಊರಿನ ಸಭೆ ಹೋಯಿತು, ನಗರದ ಸಭೆ ಇರಲಿಲ್ಲ. 2010ರ ಮಾರ್ಚ್ 28ರಂದು 198 ವಾರ್ಡುಗಳಿಗೆ ಚುನಾವಣೆ ನಡೆಯುವವರೆಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹೇರೋಹಳ್ಳಿಯ ಜನ ಅಧಿಕಾರಿಗಳನ್ನಷ್ಟೇ ನಂಬಿ ಬದುಕಿದರು.

ಪಂಚಾಯಿತಿಯ ಪುಸ್ತಕಗಳು ಪಾಲಿಕೆಗೆ ಹಸ್ತಾಂತರವಾದವು. ಅಲ್ಲಿಂದ ಊರಿನವರ ಬಾಯಿಗೆ ಎರಡು ಹೊಸ ಮಾತು ಬಂದವು: ‘ಎ ಖಾತಾ’, ‘ಬಿ ಖಾತಾ’. ಭೂಪರಿವರ್ತನೆಯಾಗಿ ಅಭಿವೃದ್ಧಿ ಶುಲ್ಕ ಕಟ್ಟಿದ ಸ್ವತ್ತು ಎ ವಹಿಗೆ, ಉಳಿದವು ಬಿ ವಹಿಗೆ. ಪಾಲಿಕೆ ಕಾಯಿದೆಯ 108-ಎ ಕಲಂ ಅಕ್ರಮ ಕಟ್ಟಡಗಳಿಂದಲೂ ತೆರಿಗೆ ವಸೂಲು ಮಾಡಲು ದಾರಿ ಕೊಟ್ಟಿತ್ತು, ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗದು ಎಂದೂ ಹೇಳಿತ್ತು. ಹತ್ತಿಪ್ಪತ್ತು ವರ್ಷ ಒಂದು ವರ್ಷವೂ ತಪ್ಪಿಸದೆ ಪಂಚಾಯಿತಿಗೆ ಕಂದಾಯ ಕಟ್ಟಿದ ಕುಟುಂಬಕ್ಕೆ ತನ್ನ ಮನೆ ಎರಡನೇ ದರ್ಜೆಯ ಪುಸ್ತಕದಲ್ಲಿದೆ ಎಂದು ಗೊತ್ತಾದದ್ದು ಆಗ. ಬ್ಯಾಂಕಿನವರು ಬಿ ಖಾತಾಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡಿದರು, ನಕ್ಷೆ ಮಂಜೂರಾತಿ ಸಿಗಲಿಲ್ಲ. ಅಕ್ರಮ-ಸಕ್ರಮ ಯೋಜನೆಯ ಆಸೆಯೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ನಿಂತುಹೋಯಿತು. ಇದರಲ್ಲಿ ತಪ್ಪು ಮನೆ ಕಟ್ಟಿದವರದೊಂದೇ ಎಂದು ಹೇಳುವುದು ಅನ್ಯಾಯ. ಬಡಾವಣೆ ಮಾಡಿದವರು ಹಣ ಎಣಿಸಿಕೊಂಡು ಹೋದರು, ನೋಂದಣಿಯಾಯಿತು, ಕರೆಂಟು ಬಂತು, ಕಂದಾಯ ಬಿತ್ತು, ಮತದಾರರ ಪಟ್ಟಿಗೆ ಹೆಸರೂ ಸೇರಿತು. ಸರ್ಕಾರದ ಎಲ್ಲ ಕೈಗಳೂ ಆ ಮನೆಯನ್ನು ಒಪ್ಪಿಕೊಂಡ ಮೇಲೆ ಒಂದು ಕೈ ಮಾತ್ರ ಒಪ್ಪದೆ ನಿಂತಿತು.

ತೆರಿಗೆಯ ರೀತಿಯೂ ಬದಲಾಯಿತು. 2008ರ ಏಪ್ರಿಲ್‌ನಿಂದ ಚದರಡಿ ದರದ ಮೇಲೆ ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಬಂತು. ನಗರವನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿದರು. ಏಪ್ರಿಲ್ ತಿಂಗಳಲ್ಲೇ ಇಡೀ ವರ್ಷದ್ದು ಕಟ್ಟಿದವರಿಗೆ ನೂರಕ್ಕೆ ಐದು ರಿಯಾಯಿತಿ. ಬಿಲ್ ಕಲೆಕ್ಟರ್ ಮನೆ ಬಾಗಿಲಿಗೆ ಬಂದು ಜಗಲಿಯ ಮೇಲೆ ಕೂತು ರಸೀದಿ ಬರೆಯುವ ಕಾಲ ಮುಗಿಯಿತು. ಹೊಸ ವ್ಯವಸ್ಥೆಯಲ್ಲಿ ಹಣ ಹೆಚ್ಚು ಬಂತು, ಸೋರಿಕೆ ಕಡಿಮೆಯಾಯಿತು, ಇದನ್ನು ಒಪ್ಪಲೇಬೇಕು. ಊರಿನ ಹೆಸರು ಪಾಲಿಕೆಯ ಕಡತಗಳಲ್ಲಿ ದೊಡ್ಡದೂ ಆಯಿತು. ರಾಜರಾಜೇಶ್ವರಿ ನಗರ ವಲಯದಲ್ಲಿ ಹೇರೋಹಳ್ಳಿ ಉಪವಿಭಾಗವೆಂದೇ ಒಂದು ಕಂದಾಯ ಉಪವಿಭಾಗ ರೂಪುಗೊಂಡಿತು.

2010ರಲ್ಲಿ ಹೇರೋಹಳ್ಳಿ 72ನೇ ವಾರ್ಡಾಯಿತು. ಯಶವಂತಪುರ ವಿಧಾನಸಭಾ ಕ್ಷೇತ್ರದ ಐದು ವಾರ್ಡುಗಳಲ್ಲಿ ಒಂದು. ಉಳಿದವು ದೊಡ್ಡಬಿದರಕಲ್ಲು, ಉಲ್ಲಾಳ, ಕೆಂಗೇರಿ, ಹೆಮ್ಮಿಗೆಪುರ. ಹಿಂದೆ 400 ಜನರಿಗೊಬ್ಬ ಸದಸ್ಯನಿದ್ದ ಊರಿನಲ್ಲಿ ಆಗ ಹತ್ತಾರು ಸಾವಿರ ಜನರಿಗೆ ಒಬ್ಬ ಕಾರ್ಪೊರೇಟರ್ ಆದರು. ಅವರು ಮಾತಾಡಬೇಕಾಗಿದ್ದ ಸಭೆ ಹಡ್ಸನ್ ವೃತ್ತದ ಪಾಲಿಕೆ ಕಚೇರಿಯಲ್ಲಿ, 198 ಮಂದಿಯ ನಡುವೆ. ಬದಲಿಗೆ ಸಿಕ್ಕಿದ್ದೂ ಸಣ್ಣದಲ್ಲ. ಪಂಚಾಯಿತಿ ಕನಸಿನಲ್ಲೂ ನೆನೆಯಲಾಗದಷ್ಟು ಅನುದಾನ, ಡಾಂಬರು ರಸ್ತೆ, ಕಾಂಕ್ರೀಟ್ ಚರಂಡಿ, ಉದ್ಯಾನ, ಸೋಡಿಯಂ ದೀಪ, ಆಮೇಲೆ ಎಲ್‌ಇಡಿ. ಮೋರಿಯ ಕಲ್ಲು ಒಡೆದರೆ ಹಿಂದೆ ಪಂಚಾಯಿತಿ ಸದಸ್ಯರ ಮನೆಗೆ ಹೋಗಿ ಹೇಳುವುದಿತ್ತು. ಈಗ ವಾರ್ಡ್ ಎಂಜಿನಿಯರ್, ಅಂದಾಜು ಪಟ್ಟಿ, ಜಾಬ್ ಕೋಡ್, ಟೆಂಡರ್, ಗುತ್ತಿಗೆದಾರ, ಬಿಲ್ಲು ಎಂಬ ಸಾಲು ದಾಟಿ ಕಲ್ಲು ಬರಬೇಕು.

ಕಸದ ಕೆಲಸವನ್ನು ಗಮನಿಸದೆ ಪಾಲಿಕೆಯ ದಿನಚರಿ ಅರ್ಥವಾಗದು. ನಸುಕಿನಲ್ಲಿ ಪೌರಕಾರ್ಮಿಕರು ಮಸ್ಟರಿಂಗ್ ಕೇಂದ್ರದಲ್ಲಿ ಸೇರಿ ಹಾಜರಿ ಹಾಕುತ್ತಾರೆ. ಅಲ್ಲಿಂದ ಬೀದಿಗಳು ಹಂಚಿಕೆಯಾಗುತ್ತವೆ. ಪೊರಕೆ, ತಳ್ಳುಗಾಡಿ, ಹಿಂದೆ ಆಟೊ ಟಿಪ್ಪರ್. 2012ರಿಂದ ಹಸಿ ಕಸ, ಒಣ ಕಸ ಬೇರೆ ಮಾಡುವುದು ಕಡ್ಡಾಯವಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ದ ಆದೇಶ ಕೊಟ್ಟಿತು. ಮಾವಳ್ಳಿಪುರ, ಮಂಡೂರುಗಳಲ್ಲಿ ಕಸ ಸುರಿಯುವುದು ನಿಂತ ಮೇಲೆ ನಗರದ ಕಸ ಹೊಸ ದಾರಿ ಹುಡುಕಿತು. ಆ ದಾರಿಗಳಲ್ಲೊಂದು ನಮ್ಮ ಮಾಗಡಿ ರಸ್ತೆ. ಕನ್ನಹಳ್ಳಿ ಮತ್ತು ಸೀಗೇಹಳ್ಳಿಯ ಸಂಸ್ಕರಣಾ ಘಟಕಗಳಿಗೆ ಲಾರಿಗಳು ಇತ್ತಲೇ ಸಾಗಿದವು. ವಾಸನೆ, ನೊಣ, ರಸ್ತೆಯ ಮೇಲೆ ಸೋರುವ ಕೊಳಚೆ ನೀರು ತಡೆಯಲಾಗದೆ ಅಕ್ಕಪಕ್ಕದ ಜನ ಬೀದಿಗಿಳಿದರು. ಊರಿನೊಳಗೆ ಕಸ ಎತ್ತುವ ಕೈಗಳ ಬಗ್ಗೆ ಮಾತ್ರ ಇಲ್ಲಿ ಒಂದು ಮಾತು ದಾಖಲಾಗಲಿ. ಪಂಚಾಯಿತಿ, ಪಾಲಿಕೆ, ಆಡಳಿತಾಧಿಕಾರಿ ಯಾರಿದ್ದರೂ ಇಲ್ಲದಿದ್ದರೂ, ಕೋವಿಡ್‌ನ ದಿನಗಳಲ್ಲೂ ನಡೆದ ಆಡಳಿತವೆಂದರೆ ಅವರದು.

ಹೇರೋಹಳ್ಳಿ ಕೆರೆ ಸುಮಾರು 35 ಎಕರೆಯದು. ಗದ್ದೆಗಳು ಹೋದ ಮೇಲೆ ಕೆರೆಗೆ ಅಚ್ಚುಕಟ್ಟಿಲ್ಲ, ತೂಬಿಗೆ ಕೆಲಸವಿಲ್ಲ. ಪಾಲಿಕೆಯ ಕೈಗೆ ಬಂದ ಮೇಲೆ ಕೆರೆಗೆ ಬೇಲಿ, ನಡಿಗೆಯ ಹಾದಿ, ಗಣೇಶನ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಆದವು. ಭಾದ್ರಪದದಲ್ಲಿ ಸುತ್ತಲಿನ ಬಡಾವಣೆಗಳ ಗಣಪತಿಗಳೆಲ್ಲ ಇಲ್ಲಿಗೇ ಬರುತ್ತವೆ. ಕೆರೆಗೆ ಹೊಂದಿಕೊಂಡ ಜಾಗ ಒತ್ತುವರಿಯಾಗದಂತೆ ನೋಡಿಕೊಳ್ಳುವುದೂ, ಒಳಚರಂಡಿಯ ನೀರು ಸೇರದಂತೆ ತಡೆಯುವುದೂ ಇಂದಿಗೂ ಮುಗಿಯದ ಕೆಲಸ. ಊರಿನ ಹಿರಿಯರು ಕೆರೆಯ ವಿಚಾರಕ್ಕೆ ಬಂದರೆ ಇಂದಿಗೂ ಪಂಚಾಯಿತಿಯ ಭಾಷೆಯಲ್ಲೇ ಮಾತಾಡುತ್ತಾರೆ. ಏರಿ, ಕೋಡಿ, ತೂಬು, ರಾಜಕಾಲುವೆ ಎಲ್ಲಿದ್ದವೆಂದು ಬೊಟ್ಟು ಮಾಡಿ ತೋರಿಸುತ್ತಾರೆ. ಸರ್ವೆ ನಕ್ಷೆಯ ಜೊತೆ ಆ ಮಾತನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕುಡಿಯುವ ನೀರಿಗೆ 110 ಹಳ್ಳಿಗಳು ಕಾದದ್ದು ಹದಿನೇಳು ವರ್ಷಕ್ಕೂ ಹೆಚ್ಚು. ನಗರಕ್ಕೆ ಸೇರಿದ ಮೇಲೆ ನಗರದ ತೆರಿಗೆ ಬಂತು, ನಗರದ ನೀರು ಬರಲಿಲ್ಲ. ಜಲಮಂಡಳಿಯ ಪೈಪು ಹಾಕಲು, ಒಳಚರಂಡಿ ಹಾಕಲು ರಸ್ತೆಗಳನ್ನು ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಆ ವರ್ಷಗಳ ದೂಳನ್ನು ಮಾಗಡಿ ರಸ್ತೆಯ ಬದಿಯ ಅಂಗಡಿಯವರು ಮರೆಯಲಾರರು. ಟ್ಯಾಂಕರ್ ನೀರಿಗೆ ಬಾಡಿಗೆಯಷ್ಟೇ ದುಡ್ಡು ಸುರಿದ ಬೇಸಿಗೆಗಳಿವೆ. 2024ರ ಬೇಸಿಗೆ ಅವುಗಳಲ್ಲಿ ಕಡುಕಷ್ಟದ್ದು. ಆ ವರ್ಷದ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ ಈ 110 ಹಳ್ಳಿಗಳಿಗೆಂದೇ.

ಇನ್ನು ಸಭೆಯ ಮಾತು. ದೂರವಾದ ಸಭೆಯನ್ನು ಮತ್ತೆ ಹತ್ತಿರ ತರಲು ಕಾನೂನಿನಲ್ಲಿ ಒಂದು ದಾರಿ ಇತ್ತು, ವಾರ್ಡ್ ಸಮಿತಿ. 2016ರಲ್ಲಿ ನಿಯಮಗಳಾದವು, ಹೈಕೋರ್ಟಿನ ಒತ್ತಾಯದ ಮೇಲೆ ಸಮಿತಿಗಳು ರಚನೆಯಾದವು. ಹತ್ತು ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಕಾರ್ಪೊರೇಟರ್ ಅಧ್ಯಕ್ಷರು, ತಿಂಗಳಿಗೊಂದು ಸಭೆ. ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿದ ಮೇಲೆ ನೋಡಲ್ ಅಧಿಕಾರಿಗಳು ಆ ಸಭೆಗಳನ್ನು ನಡೆಸಬೇಕಾಯಿತು. ಆಮೇಲೆ ಚುನಾವಣೆ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟ್ ಎಂದು ಮುಂದೆ ಮುಂದೆ ಹೋಯಿತು. ಲೆಕ್ಕ ಹಾಕಿ ನೋಡಿ: 2007ರಿಂದ 2025ರ ಕೊನೆಯವರೆಗಿನ ಹತ್ತೊಂಬತ್ತು ವರ್ಷಗಳಲ್ಲಿ ಚುನಾಯಿತ ಕೌನ್ಸಿಲ್ ಇದ್ದದ್ದು ಹತ್ತು ವರ್ಷದಷ್ಟು ಮಾತ್ರ. ಪಂಚಾಯಿತಿಗಿದ್ದ ಬಡತನವನ್ನು ಮಹಾನಗರ ನೀಗಿಸಿತು. ಆದರೆ ಪಂಚಾಯಿತಿಯಲ್ಲಿ ಬಡವರಿಗೂ ಇದ್ದ ಒಂದು ಹಕ್ಕನ್ನು, ಎದ್ದು ನಿಂತು ಕೇಳುವ ಹಕ್ಕನ್ನು, ಅರ್ಧ ಕಾಲ ಕಿತ್ತಿಟ್ಟುಕೊಂಡಿತು. ಇದನ್ನು ನಾನು ಆಕ್ಷೇಪಣೆಯಾಗಿಯೇ ಇಲ್ಲಿ ದಾಖಲಿಸುತ್ತೇನೆ.

ಈಗ ಮತ್ತೊಂದು ಹೊರಳು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ 2025ರ ಮೇ 15ರಂದು ಜಾರಿಗೆ ಬಂತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳಾದವು, ಮೇಲೊಂದು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಹೇರೋಹಳ್ಳಿ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿತು. ಐದೂ ಪಾಲಿಕೆಗಳಿಗೆ ಕೂಡಿ 369 ವಾರ್ಡು. ವಾರ್ಡು ಚಿಕ್ಕದಾದಷ್ಟೂ ಪ್ರತಿನಿಧಿ ಹತ್ತಿರವಾಗುತ್ತಾರೆ, ಇದು ಒಳ್ಳೆಯ ಬದಲಾವಣೆ. 2024ರ ಅಕ್ಟೋಬರ್‌ನಿಂದ ಇ-ಖಾತಾ ಬಂದಿದೆ. ಪಂಚಾಯಿತಿಯ ಆ ಉದ್ದನೆಯ ಹಾಳೆಯ ಸಾಲುಗಳೀಗ ಕಂಪ್ಯೂಟರಿನೊಳಗೆ ಕೂರುತ್ತಿವೆ. ಹೊಸಹಳ್ಳಿಯಿಂದ ಕಡಬಗೆರೆವರೆಗಿನ 12.5 ಕಿಲೋಮೀಟರ್ ಮೆಟ್ರೊ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದರ ಒಂಬತ್ತು ನಿಲ್ದಾಣಗಳಲ್ಲಿ ಒಂದಕ್ಕೆ ನಮ್ಮ ಊರಿನ ಹೆಸರು. ಜಾಗ ಬಿಡಿಸುವುದು, ಪರಿಹಾರ, ನಿಲ್ದಾಣದ ಸುತ್ತಲಿನ ರಸ್ತೆ, ಆಟೊ ಸ್ಟ್ಯಾಂಡ್, ಹೆಚ್ಚುವ ಮಹಡಿಗಳಿಗೆ ನೀರು, ಇವೆಲ್ಲ ಹೊಸ ಸಭೆಯ ಮುಂದೆ ಬರಲಿರುವ ವಿಷಯಗಳು.

ಚುನಾಯಿತರಾಗಿ ಬರುವವರಲ್ಲಿ, ಅವರ ವಾರ್ಡ್ ಸಮಿತಿಯಲ್ಲಿ ಈ ಬರಹದ ಮೂಲಕ ಎರಡು ಬೇಡಿಕೆ ಇಡುತ್ತೇನೆ. ಪಂಚಾಯಿತಿ ಕಾಲದ ಡಿಮ್ಯಾಂಡ್ ರಿಜಿಸ್ಟರುಗಳೂ ನಡವಳಿ ಪುಸ್ತಕಗಳೂ ಎಲ್ಲೆಲ್ಲಿ ಉಳಿದಿವೆಯೋ ಪಟ್ಟಿ ಮಾಡಿಸಿ, ಗೆದ್ದಲಿಗೆ ತುತ್ತಾಗುವ ಮೊದಲು ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿಸಿ, ಊರಿನ ಗ್ರಂಥಾಲಯದಲ್ಲಿ ಓದಲು ಸಿಗುವಂತೆ ಇಡಿ. ಎರಡನೆಯದು, ತಿಂಗಳ ಸಭೆಯ ವಿಷಯಪಟ್ಟಿಯನ್ನು ಸಭೆಗೆ ಒಂದು ವಾರ ಮುಂಚೆಯೂ, ನಡವಳಿಯನ್ನು ಸಭೆ ಮುಗಿದ ಒಂದು ವಾರದೊಳಗೂ, ಕನ್ನಡದಲ್ಲಿ, ವಾರ್ಡ್ ಕಚೇರಿಯ ಹೊರಗೋಡೆಗೆ ಹಚ್ಚಿಸಿ. ವಿಷಯಪಟ್ಟಿಯ ಕೊನೆಯ ಬಾಬು ‘ಇತರ ವಿಷಯಗಳು’ ಎಂದಿರಲಿ, ಅದಕ್ಕೆ ಅರ್ಧ ಗಂಟೆಯಾದರೂ ಸಮಯವಿರಲಿ.